ಯಾವ ಪಕ್ಷ ಅನ್ನೋದು ಆಮೇಲೆ, ಬ್ಯಾನರ್ ಮೇಲೆ ಯಾರ ನಂಬರ್ ಹೇಳಿ

ನಿಮಗೆ 31 ವರ್ಷ. ಸ್ತ್ರೀಶಕ್ತಿ ಸಂಘದ ಲೆಕ್ಕ ನೋಡಿಕೊಳ್ಳುತ್ತೀರಿ. ಮಹಿಳಾ ಘಟಕದ ತಾಲ್ಲೂಕು ಅಧ್ಯಕ್ಷೆ ಆಗಿ ಅಂತ ಒಂದು ಪಕ್ಷದವರು ಮನೆಗೇ ಬಂದು ಕೇಳಿದ್ದಾರೆ. ಒಪ್ಪಿಕೊಳ್ಳಲಾ, ಹೆಂಗಸರಿಗೆ ರಾಷ್ಟ್ರೀಯ ಪಕ್ಷ ಒಳ್ಳೆಯದಾ ಪ್ರಾದೇಶಿಕ ಪಕ್ಷ ಒಳ್ಳೆಯದಾ, ಇಲ್ಲ ವಿಧಾನಸಭೆ, ಲೋಕಸಭೆಯಲ್ಲಿ ಹೆಂಗಸರಿಗೆ 33% ಮೀಸಲಾತಿ ಬರೋವರೆಗೆ ಕಾಯಲಾ ಅಂತ ಕೇಳಿದ್ದೀರಿ. ಇದೆಲ್ಲ ಸರಿ. ಆದರೆ ಮಧ್ಯದಲ್ಲಿ ಒಂದು ಸಾಲು ಬರೆದಿದ್ದೀರಿ ನೋಡಿ: "ಫೋನು, ಓಡಾಟ ಎಲ್ಲ ನಮ್ಮ ಯಜಮಾನ್ರು ನೋಡ್ಕೊಳ್ತಾರೆ, ಅದೊಂದು ಧೈರ್ಯ." ಆ ಸಾಲು ಓದಿದ ಮೇಲೆ ನನಗೆ ಊಟ ಸೇರಲಿಲ್ಲ.

ನಾನೂ ಹಾಗೇ ಶುರು ಮಾಡಿದವಳು.

2010ರ ಗ್ರಾಮ ಪಂಚಾಯಿತಿ ಚುನಾವಣೆ. ಮಹಿಳೆಯರಿಗೆ ಅರ್ಧಕ್ಕರ್ಧ ಸೀಟು ಅಂತ ಆದ ಮೊದಲನೇ ಸಲ. ನಮ್ಮದು ತುಮಕೂರು ಜಿಲ್ಲೆ, ತೆಂಗಿನ ಸೀಮೆ. ನಮ್ಮ ವಾರ್ಡು ಮಹಿಳೆಗೆ ಬಂತು. ನಾನು ಪಿಯುಸಿ ಓದಿದ್ದೆ, ಜಗಳಗಂಟಿ ಅಲ್ಲ, ಮನೆಯವರಿಗೆ ಊರಲ್ಲಿ ಒಳ್ಳೆ ಹೆಸರಿತ್ತು. ನಿಲ್ಲಿಸಿದರು, ಗೆದ್ದೆ. ಅಧ್ಯಕ್ಷೆ ಸ್ಥಾನವೂ ಮಹಿಳೆಗೇ ಮೀಸಲಾಗಿತ್ತು, ಎರಡೂವರೆ ವರ್ಷ ಅದೂ ಸಿಕ್ಕಿತು. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ ಅನ್ನುತ್ತೆ ಕಾನೂನು. ಯಾರು ಯಾರ ಕಡೆ ಅಂತ ಕುರಿ ಕಾಯೋ ಹುಡುಗನಿಗೂ ಗೊತ್ತಿರುತ್ತೆ, ಬಿಡಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಕೇಳಿದರೆ ನಗು ಬರುತ್ತೆ, ಅಷ್ಟು ಸಣ್ಣದು.

ಗೆದ್ದ ವಾರ ಲೆಟರ್‌ಹೆಡ್ ಮಾಡಿಸಲು ಪ್ರಿಂಟಿಂಗ್ ಪ್ರೆಸ್ಸಿಗೆ ಹೋದೆವು. ಪ್ರೆಸ್ಸಿನ ಹುಡುಗ ನನ್ನ ಹೆಸರು ಬರೆದುಕೊಂಡ. ಹೆಸರಿನ ಮುಂದೆ ಅವನೇ "ಕೋಂ" ಅಂತ ಹಾಕಿ ಯಜಮಾನರ ಹೆಸರು ಸೇರಿಸಿದ. "ಮೊಬೈಲ್ ನಂಬರ್?" ಅಂದ. ನನ್ನ ಹತ್ತಿರ ಫೋನ್ ಇರಲಿಲ್ಲ. ಯಜಮಾನರು ತಮ್ಮ ನಂಬರ್ ಹೇಳಿದರು. ಅಷ್ಟೇ. ಅರ್ಧ ನಿಮಿಷದ ಕೆಲಸ. ಅದೇ ನಂಬರ್ ಪಂಚಾಯಿತಿ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬಂತು. ವಾಟರ್‌ಮ್ಯಾನ್ ಹತ್ತಿರ, ಬಿಲ್ ಕಲೆಕ್ಟರ್ ಹತ್ತಿರ, ಅಂಗನವಾಡಿ ಟೀಚರ್ ಹತ್ತಿರ, ಲೈನ್‌ಮನ್ ಹತ್ತಿರ ಅದೇ ನಂಬರ್. ಹಬ್ಬಕ್ಕೆ ಹಾಕಿಸಿದ ಬ್ಯಾನರಿನಲ್ಲೂ ಅದೇ.

ಆರು ತಿಂಗಳಿಗೆ ನನಗೂ ಒಂದು ಫೋನ್ ಬಂತು. ನಂಬರ್ ಬದಲಾಯಿಸಬಹುದಿತ್ತು. ಮಾಡಲಿಲ್ಲ. ನಿಜ ಹೇಳುತ್ತೇನೆ, ನನಗೂ ಅದೇ ಆರಾಮಾಗಿತ್ತು. ರಾತ್ರಿ ಹನ್ನೊಂದಕ್ಕೆ ಕುಡಿದವರು ಯಾರೋ ಫೋನ್ ಮಾಡಿ ಬೈದರೆ ಅವರೇ ಕೇಳಿಸಿಕೊಳ್ಳಲಿ ಅಂತ. ನನ್ನ ಫೋನು ತವರು ಮನೆಗೆ, ಮಕ್ಕಳ ಸ್ಕೂಲಿಗೆ ಅಂತ ಉಳಿಯಿತು. ನನ್ನ ಯಜಮಾನರು ಕೆಟ್ಟವರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಂದು ಬಿಲ್ಲಿನಲ್ಲೂ ಕೈ ಆಡಿಸಿದವರಲ್ಲ. ಚೆಕ್ಕಿಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಜೊತೆ ಸಹಿ ಹಾಕೋಳು ನಾನು. ಓದದೆ ಹಾಕಿದ್ದಿಲ್ಲ.

ಕೆಲಸ ಹೇಗೆ ನಡೀತಿತ್ತು ಅಂದರೆ, ಬೇಸಿಗೆಯಲ್ಲಿ ಕಾಲೋನಿ ಬೋರ್‌ವೆಲ್ಲಿನ ಮೋಟಾರ್ ಸುಟ್ಟಿತು ಅನ್ನಿ. ಫೋನ್ ಅವರಿಗೆ ಬರುತ್ತಿತ್ತು. ಅವರು ಅಡುಗೆಮನೆ ಬಾಗಿಲಲ್ಲಿ ನಿಂತು ನನಗೆ ಹೇಳೋರು. ನಾನು ಪಿಡಿಒಗೆ ಹೇಳಿ, ಮೋಟಾರ್ ಮೇಲೆತ್ತಿಸಿ, ರೀವೈಂಡಿಂಗಿಗೆ ಕಳಿಸಿ, ಬರೋವರೆಗೆ ಟ್ಯಾಂಕರ್ ವ್ಯವಸ್ಥೆ ಮಾಡಿ, ಬಿಂದಿಗೆ ಹಿಡಿದು ಜಗಳಕ್ಕೆ ನಿಂತವರನ್ನು ಸಮಾಧಾನ ಮಾಡಿ ಬರುತ್ತಿದ್ದೆ. ನೀರು ಬಂದ ಮೇಲೆ ಯಜಮಾನರು ಫೋನ್ ಮಾಡಿದವರಿಗೆ ತಿರುಗಿ ಫೋನ್ ಮಾಡಿ "ಆಯ್ತು ನೋಡಿ" ಅನ್ನೋರು. ಕಾಲೋನಿಯವರ ಲೆಕ್ಕದಲ್ಲಿ ಮೋಟಾರ್ ರಿಪೇರಿ ಮಾಡಿಸಿದವರು ಯಾರು? ಇಂಥ ಇನ್ನೂರು ಮುನ್ನೂರು ಕೆಲಸ ಕೂಡಿಸಿ ನೋಡಿ. ಪೆನ್ಷನ್, ಜಾಬ್ ಕಾರ್ಡ್, ಚರಂಡಿ, ಬೀದಿ ದೀಪ. ಊರಲ್ಲಿ ಅವರನ್ನು "ಅಧ್ಯಕ್ಷರು" ಅಂತಲೂ ನನ್ನನ್ನು "ಅಧ್ಯಕ್ಷರ ಮನೆಯವರು" ಅಂತಲೂ ಕರೆಯೋಕೆ ಶುರು ಮಾಡಿದರು. ನಾವಿಬ್ಬರೂ ಅದನ್ನು ಹೇಳಿಕೊಂಡು ನಗುತ್ತಿದ್ದೆವು.

ಅಲ್ಲಿಂದ ಪಕ್ಷ. ನಿಮ್ಮನ್ನು ಕೇಳಿದ ಹಾಗೇ ನನ್ನನ್ನೂ ಕೇಳಿದರು, ಮಹಿಳಾ ಘಟಕದ ತಾಲ್ಲೂಕು ಅಧ್ಯಕ್ಷೆ. ಪಕ್ಷದ ಹೆಸರು ಬೇಡ, ಯಾವುದಾದರೂ ಕಥೆ ಇಷ್ಟೇ. ಎರಡೂವರೆ ವರ್ಷ ನನ್ನ ಮುಖ್ಯ ಕೆಲಸ ಬಸ್ಸು ತುಂಬಿಸೋದು. "ನಿಮ್ಮ ಕಡೆಯಿಂದ ಎಷ್ಟು ಜನ?" ಅನ್ನೋ ಪ್ರಶ್ನೆ ಬಿಟ್ಟು ಬೇರೆ ಏನನ್ನೂ ಯಾರೂ ಕೇಳಿದ್ದಿಲ್ಲ. ಒಂದು ಸಮಾವೇಶಕ್ಕೆ 101 ಜನ ಹೆಂಗಸರು ಪೂರ್ಣಕುಂಭ ಹಿಡಿದು ನಿಲ್ಲಬೇಕು ಅಂದರು. ನಿಲ್ಲಿಸಿದೆ. ನಾಯಕರು ಬಂದಿದ್ದು ಮೂರು ಗಂಟೆ ತಡವಾಗಿ. ಬಿಸಿಲಿಗೆ ಕಳಶದ ವೀಳ್ಯದೆಲೆ ಬಾಡಿ ಜೋತು ಬಿದ್ದಿತ್ತು. ವೇದಿಕೆ ಮೇಲಿನ ಕುರ್ಚಿ ಎಣಿಸಿದೆ, 34. ಅದರಲ್ಲಿ ಹೆಂಗಸರು ಇಬ್ಬರು. ನನಗೆ ಕೊಟ್ಟಿದ್ದು ವಂದನಾರ್ಪಣೆ. ನಾನು ಮೈಕ್ ಹಿಡಿಯುವಾಗ ಜನ ಊಟದ ಕಡೆ ಎದ್ದಿದ್ದರು.

2016ರ ಫೆಬ್ರವರಿಯ ಜಿಲ್ಲಾ ಪಂಚಾಯಿತಿ ಚುನಾವಣೆಗೆ ನಮ್ಮ ಕ್ಷೇತ್ರ ಸಾಮಾನ್ಯ ಮಹಿಳೆಗೆ ಬಂತು. ನನಗೇ ಟಿಕೆಟ್ ಅಂತ ಎಲ್ಲರೂ ಹೇಳಿದರು, ನಾನೂ ನಂಬಿದೆ. ಅರ್ಜಿ ತುಂಬಿಸಿ ಇಟ್ಟುಕೊಂಡೆ. ಕೊನೇ ದಿನ ಬೆಳಿಗ್ಗೆಯಿಂದ ತಾಲ್ಲೂಕು ಕಚೇರಿ ಮುಂದಿನ ಹೊಂಗೆ ಮರದ ಕೆಳಗೆ ಕೂತಿದ್ದೆ. ಅರ್ಜಿ ಹಾಕಲು ಮೂರು ಗಂಟೆವರೆಗೆ ಟೈಮು. ಇವರೇ ನಮ್ಮ ಅಭ್ಯರ್ಥಿ ಅಂತ ಪಕ್ಷ ಕೊಡೋ ಬಿ ಫಾರಂ ಬರುತ್ತೆ, ದಾರಿಯಲ್ಲಿದೆ ಅಂತಲೇ ಇದ್ದರು. ಬಂತು, 2 ಗಂಟೆ 40 ನಿಮಿಷಕ್ಕೆ. ಬಿಳಿ ಕಾರಿನಲ್ಲಿ. ಕಾರಿಂದ ಇಳಿದವರು ಒಬ್ಬ ಕಂಟ್ರಾಕ್ಟರು, ಅವರ ಹೆಂಡತಿ. ಆಕೆಯನ್ನು ನಾನು ಅದಕ್ಕೆ ಮೊದಲು ಒಂದು ಸಭೆಯಲ್ಲೂ ನೋಡಿರಲಿಲ್ಲ. ಆಕೆಗೂ ಪಾಪ, ಎಲ್ಲಿ ಸಹಿ ಹಾಕಬೇಕು ಅಂತ ಗೊತ್ತಿರಲಿಲ್ಲ.

ಮೂರು ದಿನ ಬಿಟ್ಟು ಮುಖಂಡರ ಮನೆಗೆ ಹೋಗಿ ಕೇಳಿದೆ. ಅವರು ಸಿಟ್ಟಾಗಲಿಲ್ಲ. ಕಾಫಿ ತರಿಸಿ, ನಿಧಾನವಾಗಿ ಹೇಳಿದರು. "ಸರ್ವೆ ಮಾಡಿಸಿದ್ವಿ ತಾಯಿ. ನಿಮ್ಮ ಪಂಚಾಯಿತೀಲಿ ಯಾರು ಕೆಲಸ ಮಾಡಿದ್ರು ಅಂದ್ರೆ ಎಲ್ಲರ ಬಾಯಲ್ಲೂ ನಿಮ್ಮ ಯಜಮಾನ್ರ ಹೆಸರೇ. ಹೆಂಗಿದ್ರೂ ಓಡಾಡೋದು ಗಂಡಸರೇ ಅಲ್ವಾ? ಹಂಗಾದ್ಮೇಲೆ ಖರ್ಚು ಮಾಡೋ ತಾಕತ್ತು ಇರೋರಿಗೆ ಕೊಡೋದು ವಾಸಿ ಅಂತ ಆಯ್ತು."

ಈ ಮಾತನ್ನು ನಿಧಾನವಾಗಿ ಎರಡು ಸಲ ಓದಿ. ಸೀಟು ಹೆಂಗಸಿಗೇ ಮೀಸಲು. ನನಗೆ ಆರು ವರ್ಷದ ಅನುಭವ ಇದೆ. ಆದರೂ ಅವರ ಲೆಕ್ಕ ಒಂದು ರೀತಿ ಸರಿಯಾಗಿಯೇ ಇತ್ತು. ಹೆಂಡತಿ ಸಹಿ, ಗಂಡ ಓಡಾಟ ಅನ್ನೋದಾದರೆ ನಾನೂ ಆ ಕಾರಿನ ಹೆಂಗಸೂ ಒಂದೇ. ಅವರ ಗಂಡನ ಹತ್ತಿರ ದುಡ್ಡು ಜಾಸ್ತಿ, ಅಷ್ಟೇ ವ್ಯತ್ಯಾಸ. ನಾನು ಮಾಡಿದ ಕೆಲಸವನ್ನೆಲ್ಲ ನಾನೇ, ಯಾರೂ ಕೇಳದೆ, ಇನ್ನೊಬ್ಬರ ಖಾತೆಗೆ ಜಮಾ ಮಾಡಿದ್ದೆ. ಪ್ರೆಸ್ಸಿನಲ್ಲಿ ಆ ಅರ್ಧ ನಿಮಿಷ "ಒಂದು ವಾರ ತಡಿಯಪ್ಪ, ಫೋನ್ ತಗೊಂಡು ನಂಬರ್ ಹೇಳ್ತೀನಿ" ಅಂದಿದ್ದರೆ ಸಾಕಿತ್ತು. ಹೊಸ ಸಿಮ್ಮಿಗೆ ಎಷ್ಟು ದುಡ್ಡು ಆಗುತ್ತಿತ್ತು ಹೇಳಿ?

ಪಕ್ಷೇತರಳಾಗಿ ಯಾಕೆ ನಿಲ್ಲಲಿಲ್ಲ ಅಂತ ಕೇಳಬಹುದು. ಬಂಡಾಯ ಅಂತಾರೆ ಅಂತ ಹೆದರಿದೆ. "ಮುಂದಿನ ಸಲ ನೋಡೋಣ" ಅಂದಿದ್ದರು. ಆ ಮುಂದಿನ ಸಲ ಬರಲೇ ಇಲ್ಲ. 2021ಕ್ಕೆ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡೋದಿಲ್ಲ. ಹಳ್ಳಿ ಹೆಂಗಸು ಪಕ್ಷದ ಚಿಹ್ನೆ ಮೇಲೆ ನಿಂತು ಹೆಸರು ಮಾಡೋಕೆ ಇದ್ದ ಮೆಟ್ಟಿಲು ಅದೊಂದೇ. ಸುಳ್ಯದ ಶಾಸಕಿ ಭಾಗೀರಥಿ ಮುರುಳ್ಯ ಜಿಲ್ಲಾ ಪಂಚಾಯಿತಿ ಸದಸ್ಯೆಯಾಗಿದ್ದವರು. ಆ ಮೆಟ್ಟಿಲೇ ಕಿತ್ತು ಹೋದರೆ ಗ್ರಾಮ ಪಂಚಾಯಿತಿಯಿಂದ ನೇರ ವಿಧಾನಸಭೆಗೆ ಹಾರಬೇಕು. ಹಾಗೆ ಹಾರೋಕೆ ಆಗೋದು ಅಪ್ಪನೋ ಗಂಡನೋ ಮೊದಲೇ ಮೇಲೆ ನಿಂತು ಕೈ ಕೊಟ್ಟವರಿಗೆ ಮಾತ್ರ.

ಈಗ ನಿಮ್ಮ ಪ್ರಶ್ನೆ. ರಾಷ್ಟ್ರೀಯ ಪಕ್ಷವಾ, ಪ್ರಾದೇಶಿಕ ಪಕ್ಷವಾ? 2023ರ ವಿಧಾನಸಭೆ ಚುನಾವಣೆಯಲ್ಲಿ 224 ಸೀಟಿನಲ್ಲಿ ಗೆದ್ದ ಹೆಂಗಸರು 10. ಕಾಂಗ್ರೆಸ್ ಗೆದ್ದ 135ರಲ್ಲಿ 4, ಬಿಜೆಪಿಯ 66ರಲ್ಲಿ 3, ಜೆಡಿಎಸ್‌ನ 19ರಲ್ಲಿ 2, ಇನ್ನೊಬ್ಬರು ಹರಪನಹಳ್ಳಿಯ ಪಕ್ಷೇತರ ಲತಾ ಮಲ್ಲಿಕಾರ್ಜುನ್. ಅವರು ಧೈರ್ಯ ಮಾಡಿ ನಿಂತರು, ಗೆದ್ದರು, ನಾನು ಮಾಡದೆ ಇದ್ದಿದ್ದನ್ನು ಮಾಡಿದರು. ಆದರೆ ಅವರು ಉಪಮುಖ್ಯಮಂತ್ರಿ ಆಗಿದ್ದ ಎಂ.ಪಿ. ಪ್ರಕಾಶರ ಮಗಳು, ಅದೂ ತಲೆಯಲ್ಲಿರಲಿ. 2024ರ ಲೋಕಸಭೆಗೆ ನಮ್ಮ ರಾಜ್ಯದಲ್ಲಿ ಕಾಂಗ್ರೆಸ್ 6 ಹೆಂಗಸರನ್ನು ನಿಲ್ಲಿಸಿತು, ಬಿಜೆಪಿ 2. ಗೆದ್ದವರು ಮೂವರು, 28 ಸೀಟಿಗೆ. ಈ ಅಂಕಿಗಳಲ್ಲಿ ಯಾವ ಪಕ್ಷ ಒಳ್ಳೆಯದು ಅಂತ ನಿಮಗೆ ಕಂಡರೆ ನನಗೂ ಹೇಳಿ. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ 1972ರಲ್ಲೇ ವಿಧಾನಸಭೆಯ ಸ್ಪೀಕರ್ ಆಗಿದ್ದವರು. ಅವರಾದ ಮೇಲೆ ಇನ್ನೊಬ್ಬ ಹೆಂಗಸು ಆ ಕುರ್ಚಿಯಲ್ಲಿ ಕೂತಿಲ್ಲ. ಮಧ್ಯೆ ಎಷ್ಟು ಪಕ್ಷಗಳು ಆಳಿದವು ನೋಡಿ. ಹಾಗಾಗಿ ಪಕ್ಷ ಯಾವುದು ಅನ್ನೋದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಮನಸ್ಸಿಗೆ ಒಗ್ಗೋ ಪಕ್ಷ ಸೇರಿ.

33% ಬರಲಿ ಅಂತ ಕಾಯೋದಂತೂ ಬೇಡವೇ ಬೇಡ. ದೇವೇಗೌಡರು ಪ್ರಧಾನಿಯಾಗಿದ್ದಾಗ, 1996ರಲ್ಲಿ, ಮೊದಲು ಬಂದ ಮಸೂದೆ ಅದು. ಕಾನೂನಾಗಿದ್ದು 2023ಕ್ಕೆ. ಅದೂ ಜನಗಣತಿ ಆಗಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಜಾರಿ ಅಂತ ಕಾನೂನಿನಲ್ಲೇ ಬರೆದರು. ಬರುತ್ತೆ ಅಂತಲೇ ಇಟ್ಟುಕೊಳ್ಳಿ. ಈಗಿನ 224ರ ಲೆಕ್ಕಕ್ಕೆ ಸುಮಾರು 75 ಸೀಟು. ಆ ದಿನ 75 ಬಿಳಿ ಕಾರುಗಳು ಬರುತ್ತವೆ. ಅವತ್ತು ಹೊಂಗೆ ಮರದ ಕೆಳಗೆ ಬರೀ ಫೈಲ್ ಹಿಡಿದು ಕೂತಿರುತ್ತೀರಾ, ಇಲ್ಲ ಸರ್ವೆಯಲ್ಲಿ ನಿಮ್ಮ ಹೆಸರು ಬಂದಿರುತ್ತಾ, ಅದನ್ನು ಈಗಲೇ ನೋಡಿಕೊಳ್ಳಬೇಕು.

ಮಹಿಳಾ ಘಟಕದ ಹುದ್ದೆ ಬೇಡ ಅನ್ನಿ. ಕಾರ್ಡಿನ ಮೇಲೆ ಅಧ್ಯಕ್ಷೆ ಅಂತ ಇರುತ್ತೆ, ಟಿಕೆಟ್ ವಿಷಯ ಮಾತಾಡೋ ಕೋಣೆಗೆ ನಿಮ್ಮನ್ನು ಕರೆಯೋದಿಲ್ಲ. ಮಹಿಳಾ ಘಟಕದಿಂದಲೇ ಮೇಲೆ ಬಂದವರಿದ್ದಾರೆ, ಲಕ್ಷ್ಮೀ ಹೆಬ್ಬಾಳ್ಕರ್ ಇದ್ದಾರೆ ಅಂತ ಯಾರಾದರೂ ಹೇಳಬಹುದು. ಇದ್ದಾರೆ. ಆದರೆ ಅವರು ಕ್ಷೇತ್ರ ಹಿಡಿದು ಓಡಾಡಿದವರು, ಬಸ್ಸು ತುಂಬಿಸಿ ಸುಮ್ನೆ ಕೂತವರಲ್ಲ. ನೀವು ಒಂದು ಬೂತ್ ಕೇಳಿ. ನಿಮ್ಮ ಊರಿನ ಬೂತು. ಮತದಾರರ ಪಟ್ಟಿ ನಿಮ್ಮ ಕೈಗೆ ಕೊಡಿ, ಬೂತ್ ಏಜೆಂಟ್ ಮಾಡಿ ಅನ್ನಿ. ಬೂತ್ ಕೇಳಿದ ಹೆಂಗಸನ್ನು ನೋಡಿ ಅವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಆಮೇಲೆ ನಾನು ಬೂತ್ ಕೇಳಿದಾಗಲೂ ಹಾಗೇ ಆಯಿತು. ಯಾರ ಮನೆ ಮಗಳು ಮದುವೆಯಾಗಿ ಹೋದಳು, ಯಾರ ಹೆಸರು ಎರಡು ಕಡೆ ಇದೆ, ಯಾವ ಅಜ್ಜ ತೀರಿಕೊಂಡರು, ಯಾವ ಹುಡುಗಿಗೆ 18 ತುಂಬಿತು, ಇದೆಲ್ಲ ನಮಗೆ ಗೊತ್ತಿರೋಷ್ಟು ಗಂಡಸರಿಗೆ ಗೊತ್ತಿರೋದಿಲ್ಲ. ಆ ಪಟ್ಟಿ ಹಿಡಿದು ಮನೆಮನೆಗೆ ಹೋದಾಗ ನಿಮ್ಮ ನಂಬರ್ ಕೊಡಿ. ನಿಮ್ಮದೇ ನಂಬರ್. ರಾತ್ರಿ ಬೈಗುಳದ ಫೋನ್ ಬಂದರೂ ನೀವೇ ಎತ್ತಿ. ಒಂದೆರಡು ತಿಂಗಳಲ್ಲಿ ಅಭ್ಯಾಸ ಆಗುತ್ತೆ. ಬೈದವನೇ ಮಾರನೇ ದಿನ ಪೆನ್ಷನ್ ಕೆಲಸಕ್ಕೆ ಬರುತ್ತಾನೆ.

ನಾನು 2020ರ ಡಿಸೆಂಬರ್‌ನಲ್ಲಿ ಮತ್ತೆ ಗ್ರಾಮ ಪಂಚಾಯಿತಿಗೆ ನಿಂತೆ. ಈ ಸಲ ಸಾಮಾನ್ಯ ಸ್ಥಾನ, ಎದುರಿಗೆ ಇಬ್ಬರು ಗಂಡಸರು. ಕರಪತ್ರದಲ್ಲಿ "ಕೋಂ" ತೆಗೆಸಿದೆ, ನನ್ನ ನಂಬರ್ ದಪ್ಪ ಅಕ್ಷರದಲ್ಲಿ ಹಾಕಿಸಿದೆ. 41 ಮತದಲ್ಲಿ ಗೆದ್ದೆ. ದೊಡ್ಡದೇನಲ್ಲ.

ಯಜಮಾನರಿಗೆ ಇವತ್ತಿಗೂ ವಾರಕ್ಕೆ ಎರಡು ಮೂರು ಫೋನ್ ಬರುತ್ತವೆ, ಹಳೇ ನಂಬರ್ ಇಟ್ಟುಕೊಂಡವರಿಂದ. "ಅವರದೇ ನಂಬರ್ ಇದೆ, ಬರ್ಕೊಳಿ" ಅನ್ನುತ್ತಾರೆ ಇವರು. ಹೋದ ವಾರ ಕಾಲೋನಿಯ ಒಬ್ಬ ಅಜ್ಜಿ ಬರೆದುಕೊಳ್ಳಲು ಒಪ್ಪಲೇ ಇಲ್ಲ. "ಹೆಣ್ಣೆಂಗ್ಸಿಗೆ ಯಾಕಪ್ಪ ತೊಂದ್ರೆ ಕೊಡೋದು, ನೀನೇ ಹೇಳು" ಅಂದರಂತೆ.