ಕೊಂಡ ಬೆಲೆ ಬೇರೆ, ಸಾಕುವ ಬೆಲೆ ಬೇರೆ

ಮಡಚುವ ಛಾವಣಿಯ ಹಳೆಯ ಸ್ಪೋರ್ಟ್ಸ್ ಕಾರುಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ಬಿಡಿಭಾಗಗಳ ದರವೂ ಕೂಲಿಯೂ ಎಲ್ಲೆಡೆ ಒಂದೇ ಸಮನಿರುವುದಿಲ್ಲವಾದ್ದರಿಂದ ಹಣದ ಮೊತ್ತದ ಬದಲು ಪ್ರಮಾಣದ ಲೆಕ್ಕವನ್ನು ಕೊಟ್ಟಿದ್ದೇವೆ.

ಪ್ರಶ್ನೆ: 2001ರ ಪೋರ್ಷೆ ಬಾಕ್ಸ್‌ಸ್ಟರ್ ಒಂದು ಮಾರಾಟಕ್ಕಿದೆ. ಹೊಸದೊಂದು ಸಾಧಾರಣ ಸಣ್ಣ ಕಾರಿಗೆ ಕೊಡುವಷ್ಟೇ ಹಣ ಕೇಳುತ್ತಿದ್ದಾರೆ. ನಾನು ಅದನ್ನು ರಜಾದಿನಗಳಲ್ಲಿ ಮಾತ್ರ ಹೊರತೆಗೆಯುವವನು. ಓಡಾಟ ಕಡಿಮೆಯಾದ್ದರಿಂದ ಖರ್ಚೂ ಕಡಿಮೆಯೆಂದು ಭಾವಿಸಬಹುದೇ?

ಉತ್ತರ: ಭಾವಿಸಬಾರದು. ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಆದರೆ ಅದರ ಬಿಡಿಭಾಗಗಳ ಬೆಲೆಯಾಗಲಿ, ಅದನ್ನು ಬಿಚ್ಚಿ ಜೋಡಿಸಲು ಮೆಕ್ಯಾನಿಕ್‌ಗೆ ಹಿಡಿಯುವ ಗಂಟೆಗಳಾಗಲಿ ಇಳಿಯುವುದಿಲ್ಲ. ಹೊಸದಾಗಿದ್ದಾಗ ನೂರು ಬೆಲೆಬಾಳುತ್ತಿದ್ದ ಕಾರು ಈಗ ಇಪ್ಪತ್ತಕ್ಕೆ ಸಿಗುತ್ತಿದೆ ಎಂದಿಟ್ಟುಕೊಳ್ಳಿ. ಕ್ಲಚ್ ಬದಲಿಸುವ ಕೆಲಸಕ್ಕೆ ಅಂದು ಮೂರು ತಗಲುತ್ತಿದ್ದರೆ ಇಂದೂ ಕನಿಷ್ಠ ಮೂರು ತಗಲುತ್ತದೆ. ಮೊದಲ ಮಾಲೀಕನಿಗೆ ಅದು ಕಾರಿನ ಬೆಲೆಯ ಶೇಕಡಾ 3. ನಿಮಗೆ ಶೇಕಡಾ 15. ಅಂಥ ಎರಡು ಕೆಲಸಗಳು ಒಂದೇ ವರ್ಷ ಎದುರಾದರೆ, ಈ ವಯಸ್ಸಿನ ಕಾರಿನಲ್ಲಿ ಹಾಗಾಗುವುದು ಅಪರೂಪವೇನಲ್ಲ, ಕೊಂಡ ಬೆಲೆಯ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಗ್ಯಾರೇಜಿಗೆ ಹೋಗಿರುತ್ತದೆ. ಆದ್ದರಿಂದ ನಿರ್ವಹಣೆಯನ್ನು ಅಂದಾಜು ಮಾಡುವಾಗ ಈಗಿನ ಬೆಲೆಯನ್ನು ಮರೆತು, ಕಾರು ಹೊಸದಾಗಿದ್ದಾಗ ಎಷ್ಟಿತ್ತೆಂಬುದನ್ನು ನೋಡಿ. ಸಣ್ಣ ಕಾರಿನ ಹಣ ಕೊಟ್ಟು ತಂದರೂ ನೀವು ಸಾಕಬೇಕಾಗಿರುವುದು ಪೋರ್ಷೆಯನ್ನೇ.

ಇನ್ನು ಓಡಾಟದ ವಿಷಯ. ನಿಲ್ಲಿಸಿಟ್ಟ ಕಾರಿಗೂ ವಯಸ್ಸಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣದ್ದಾದ್ದರಿಂದ ಕಾರು ಓಡಿರಲಿ, ಬಿಡಲಿ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ರಬ್ಬರ್ ಸೀಲುಗಳೂ ಸಸ್ಪೆನ್ಷನ್ ಬುಷ್‌ಗಳೂ ಗಟ್ಟಿಯಾಗಿ ಬಿರುಕು ಬಿಡುತ್ತವೆ, ಬ್ಯಾಟರಿ ಇಳಿದುಹೋಗುತ್ತದೆ, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಕೆಡುತ್ತದೆ. ಟಯರಿನ ಲೆಕ್ಕವನ್ನಂತೂ ಕಾಗದದ ಮೇಲೆ ಬರೆದೇ ನೋಡಬಹುದು. ಈ ಕಾರಿನ ಹಿಂದಿನ ಟಯರುಗಳು ಸುಮಾರು 20,000 ಕಿಲೋಮೀಟರ್ ಬರುತ್ತವೆ, ನೀವು ವರ್ಷಕ್ಕೆ 2,000 ಕಿಲೋಮೀಟರ್ ಓಡಿಸುತ್ತೀರಿ ಎಂದು ಹಿಡಿದರೆ, ಟಯರಿನ ಮೇಲ್ಮೈ ಸವೆಯಲು ಹತ್ತು ವರ್ಷ ಬೇಕು. ಅಷ್ಟರಲ್ಲಿ ರಬ್ಬರು ಹಳಸಿ ಟಯರು ನಂಬಿಕೆಗೆ ಅನರ್ಹವಾಗಿರುತ್ತದೆ. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಿ: 2319 ಎಂದಿದ್ದರೆ ಅದು 2019ರ ಇಪ್ಪತ್ಮೂರನೆಯ ವಾರದಲ್ಲಿ ತಯಾರಾದದ್ದು. ಮೇಲ್ನೋಟಕ್ಕೆ ಹೊಸದರಂತೆ ಕಾಣುವ ಹಳೆಯ ಟಯರುಗಳು ಇಂಥ ಕಾರುಗಳಲ್ಲೇ ಹೆಚ್ಚಾಗಿ ಸಿಗುತ್ತವೆ. ಹದಿನೇಳು ಇಂಚಿನ ಚಕ್ರಗಳಿರುವ ಬಾಕ್ಸ್‌ಸ್ಟರ್‌ನಲ್ಲಿ ಮುಂದಿನ ಟಯರಿನ ಅಗಲ 205 ಮಿಲಿಮೀಟರ್, ಹಿಂದಿನದು 255. ಹೀಗಾಗಿ ಹಿಂದಿನದನ್ನು ಮುಂದಕ್ಕೆ ಹಾಕಿ ನಾಲ್ಕನ್ನೂ ಸಮನಾಗಿ ಸವೆಸುವ ಉಳಿತಾಯವೂ ಇಲ್ಲಿ ನಡೆಯದು.

ನೀವು ನೋಡಿರುವ ಮಾದರಿಗೆ ಸಂಬಂಧಿಸಿದ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. 1996ರಿಂದ 2008ರವರೆಗಿನ ಬಾಕ್ಸ್‌ಸ್ಟರ್ ಎಂಜಿನ್‌ಗಳಲ್ಲಿ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನಿಂದ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟುಗಳಿಗೆ ಚಲನೆಯನ್ನು ಒಯ್ಯುವ ನಡುವಿನ ಶಾಫ್ಟ್ ಒಂದಿದ್ದು, ಅದರ ಒಂದು ತುದಿ ಬಾಲ್ ಬೇರಿಂಗ್ ಮೇಲೆ ತಿರುಗುತ್ತದೆ. ಆ ಬೇರಿಂಗಿನ ಸೀಲು ಸೋತರೆ ಒಳಗಿನ ಗ್ರೀಸು ತೊಳೆದುಹೋಗಿ ಗುಂಡುಗಳು ಸವೆಯತೊಡಗುತ್ತವೆ. ಬೇರಿಂಗ್ ಪೂರ್ತಿ ಒಡೆದರೆ ವಾಲ್ವುಗಳು ತೆರೆದು ಮುಚ್ಚುವ ಹೊತ್ತು (ಟೈಮಿಂಗ್) ತಪ್ಪಿ, ಅವು ಪಿಸ್ಟನ್‌ಗಳಿಗೆ ಬಡಿದು, ಎಂಜಿನ್ನೇ ಹಾಳಾಗುತ್ತದೆ. ಎಲ್ಲ ಎಂಜಿನ್‌ಗಳಲ್ಲೂ ಹೀಗಾಗುವುದಿಲ್ಲ. ಆದರೆ ಆದಾಗ ಬರುವ ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು. 2009ರ ಮಾದರಿಯಿಂದ ಬಂದ ಹೊಸ ಎಂಜಿನ್‌ನಲ್ಲಿ ಈ ಶಾಫ್ಟೇ ಇಲ್ಲ. ನಿಮ್ಮ ಕಾರಿನಲ್ಲಿ ಬೇರಿಂಗ್ ಬದಲಾಗಿದೆಯೇ ಎಂದು ಬಿಲ್ಲು ತೋರಿಸುವಂತೆ ಕೇಳಿ. ಬದಲಾಗಿಲ್ಲದಿದ್ದರೆ ಆಯಿಲ್ ಫಿಲ್ಟರನ್ನು ಕತ್ತರಿಸಿ ಬಿಡಿಸಿ, ಅದರ ಮಡಿಕೆಗಳಲ್ಲಿ ಲೋಹದ ಮಿನುಗುವ ಚೂರುಗಳಿವೆಯೇ ಎಂದು ಪರೀಕ್ಷಿಸಿಯೇ ಮುಂದುವರಿಯಿರಿ. ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಇಳಿಸದೆ ಆ ಬೇರಿಂಗ್ ಕೈಗೆ ಸಿಗುವುದಿಲ್ಲ. ಆದ್ದರಿಂದ ಕ್ಲಚ್ ಬದಲಿಸುವ ದಿನವೇ ಬೇರಿಂಗನ್ನೂ ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲನ್ನೂ ಬದಲಿಸಿದರೆ ಒಂದೇ ಕೂಲಿಯಲ್ಲಿ ಮೂರು ಕೆಲಸ ಮುಗಿಯುತ್ತವೆ. ಕ್ಲಚ್ ಇನ್ನೊಂದು ವರ್ಷ ಬಾಳುತ್ತದೆಂದು ಬೇರಿಂಗ್ ಒಂದನ್ನೇ ಮಾಡಿಸುವವರು, ಮರುವರ್ಷ ಅದೇ ಗೇರ್‌ಬಾಕ್ಸನ್ನು ಇನ್ನೊಮ್ಮೆ ಇಳಿಸಲು ಹಣ ತೆರುತ್ತಾರೆ.

ಪ್ರಶ್ನೆ: ಬಟ್ಟೆಯ ಛಾವಣಿ ಒಳ್ಳೆಯದೋ, ಮಡಚುವ ಲೋಹದ ಛಾವಣಿ ಒಳ್ಳೆಯದೋ? ಛಾವಣಿಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ?

ಉತ್ತರ: ಬಟ್ಟೆಯ ಛಾವಣಿಗೆ ಆಯಸ್ಸು ಕಡಿಮೆ, ಆದರೆ ಅದರ ಖರ್ಚು ಮುಂಚಿತವಾಗಿ ಕಣ್ಣಿಗೆ ಕಾಣುತ್ತದೆ. ಮಡಿಕೆ ಬೀಳುವ ಗೆರೆಗಳಲ್ಲಿ ನೂಲು ತೆಳುವಾಗುತ್ತದೆ, ಹೊಲಿಗೆ ಬಿಡುತ್ತದೆ, ಹಿಂಬದಿಯ ಪ್ಲಾಸ್ಟಿಕ್ ಕಿಟಕಿ ಮಂಜುಗಟ್ಟುತ್ತದೆ. ಚಳಿಯಲ್ಲಿ ಸೆಡೆತಿರುವ ಪ್ಲಾಸ್ಟಿಕ್ ಕಿಟಕಿಯನ್ನು ಮಡಚಿದರೆ ಅದು ಸೀಳುವುದೂ ಉಂಟು. ಛಾವಣಿ ಒದ್ದೆಯಾಗಿರುವಾಗಲೇ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಇವೆಲ್ಲವನ್ನೂ ಕೊಳ್ಳುವ ಮೊದಲೇ ಬೆರಳಿನಿಂದ ಮುಟ್ಟಿ ನೋಡಿ ಬೆಲೆಯಲ್ಲಿ ಕಳೆಯಬಹುದು.

ಲೋಹದ ಛಾವಣಿ ಮುಚ್ಚಿದಾಗ ಸಾಮಾನ್ಯ ಕಾರಿನಂತೆಯೇ ಭದ್ರ, ನಿಶ್ಶಬ್ದ. 1996ರಲ್ಲಿ ಬಂದ ಮರ್ಸಿಡಿಸ್ ಎಸ್‌ಎಲ್‌ಕೆ ಇದನ್ನು ಜನಪ್ರಿಯಗೊಳಿಸಿತು. ಆದರೆ ಗುಂಡಿ ಒತ್ತಿದೊಡನೆ ತೆರೆದುಕೊಳ್ಳುವ ಆ ಸೊಗಸಿನ ಹಿಂದೆ ಪಂಪು, ಹೈಡ್ರಾಲಿಕ್ ಸಿಲಿಂಡರುಗಳು, ಕೊಳವೆಗಳು, ಪ್ರತಿ ಹಂತವನ್ನೂ ಪತ್ತೆಹಚ್ಚುವ ಪುಟ್ಟ ಸ್ವಿಚ್ಚುಗಳು ಇವೆ. ಒಂದು ಸ್ವಿಚ್ ಕೆಟ್ಟರೂ ಛಾವಣಿ ಅರ್ಧಕ್ಕೇ ನಿಂತುಬಿಡುತ್ತದೆ. ಬಟ್ಟೆಯದಾದರೂ ಹೈಡ್ರಾಲಿಕ್ ಆಗಿ ಚಲಿಸುವ ಛಾವಣಿಗಳಿಗೂ ಈ ಮಾತು ಅನ್ವಯಿಸುತ್ತದೆ: 1989ರಿಂದ 2001ರವರೆಗೆ ತಯಾರಾದ ಮರ್ಸಿಡಿಸ್ ಎಸ್‌ಎಲ್ ಕಾರಿನಲ್ಲಿ ಮುಂಗಾಜಿನ ಮೇಲಂಚಿನ ಸಿಲಿಂಡರು ಸೋರಿದರೆ ಎಣ್ಣೆ ಕೂತವರ ಮೇಲೆಯೇ ತೊಟ್ಟಿಕ್ಕುತ್ತದೆ. ಇಂಥಲ್ಲಿ ಹೊಸ ಸಿಲಿಂಡರ್ ಕೊಳ್ಳುವ ಮೊದಲು ಹಳೆಯದರ ಸೀಲುಗಳನ್ನು ಬದಲಿಸಿಕೊಡುವವರನ್ನು ವಿಚಾರಿಸಿ. ಖರ್ಚಿನಲ್ಲಿ ಭಾರಿ ವ್ಯತ್ಯಾಸವಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಎರಡು ಬಗೆಯ ಛಾವಣಿಗಳಿಗೂ ಸಮಾನವಾದ ಮುಖ್ಯ ಶತ್ರು ಮುಚ್ಚಿಹೋದ ನೀರಿನ ರಂಧ್ರ. ಛಾವಣಿಯ ಮೇಲೆ ಬಿದ್ದ ನೀರು ಅದು ಮಡಚಿಕೊಳ್ಳುವ ತಗ್ಗಿಗೆ ಇಳಿದು, ಅಲ್ಲಿಂದ ಸಣ್ಣ ಕೊಳವೆಗಳ ಮೂಲಕ ಕಾರಿನ ಅಡಿಗೆ ಹರಿಯಬೇಕು. ಒಣಎಲೆ, ಧೂಳು ಸೇರಿ ಕೆಸರಾಗಿ ಆ ಬಾಯಿ ಕಟ್ಟಿದರೆ ನೀರು ಒಳಗೇ ನಿಲ್ಲುತ್ತದೆ. 2002ರಿಂದ 2008ರವರೆಗಿನ ಬಿಎಂಡಬ್ಲ್ಯು ಝಡ್4ರಲ್ಲಿ ಛಾವಣಿಯ ಪಂಪಿನ ಮೋಟಾರು ಅದೇ ತಗ್ಗಿನ ತಳದಲ್ಲಿದೆ. ನೀರು ನಿಂತರೆ ಮೋಟಾರು ಮುಳುಗಿ ಕೆಡುತ್ತದೆ. ಆಮೇಲೆ ಹಲವರು ಹೊಸ ಮೋಟಾರನ್ನು ಡಿಕ್ಕಿಯೊಳಕ್ಕೆ ಸ್ಥಳಾಂತರಿಸಿಕೊಳ್ಳುತ್ತಾರೆ. ಮೊದಲ ತಲೆಮಾರಿನ ಬಾಕ್ಸ್‌ಸ್ಟರ್‌ನಲ್ಲಿ ಕಳ್ಳತನ ತಡೆಯುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಸೀಟಿನ ಅಡಿಯಲ್ಲಿದೆ. ಕಾರ್ಪೆಟ್ ಕೆಳಗೆ ಸೇರಿದ ನೀರು ಅದನ್ನು ತಲುಪಿದರೆ ಕಾರು ಸ್ಟಾರ್ಟ್ ಆಗುವುದೇ ಇಲ್ಲ. ಹೊಸ ಪೆಟ್ಟಿಗೆ ತಂದರೂ ಅದನ್ನು ಆ ಕಾರಿಗೆ ಹೊಂದಿಸಲು ವಿಶೇಷ ಉಪಕರಣ ಬೇಕು. ಒಂದು ಮೆತ್ತನೆಯ ಬ್ರಷ್ಷು, ಒಂದು ಚೊಂಬು ನೀರು, ವರ್ಷಕ್ಕೆರಡು ಬಾರಿ ಹತ್ತು ನಿಮಿಷ ಇಷ್ಟು ಸಾಕಾಗುತ್ತಿದ್ದ ಕೆಲಸವನ್ನು ಯಾರೂ ಮಾಡದೇ ಇದ್ದುದರ ಬೆಲೆ ಇದು. ಕೊಳ್ಳಲು ಹೋದಾಗ ಸೀಟಿನ ಹಿಂದಿನ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ ನೋಡಿ. ತಂಪಾಗಿ, ಜಿನುಗುವಂತೆ ಇದ್ದರೆ, ಮಾರುವವರು ಎಷ್ಟೇ ಸಜ್ಜನರಾಗಿದ್ದರೂ, ಮಾತನ್ನು ಅಲ್ಲಿಗೇ ನಿಲ್ಲಿಸುವುದು ಲೇಸು.

ಪ್ರಶ್ನೆ: ದುಬಾರಿಯ ಹೆಚ್ಚಿನ ಆಕ್ಟೇನ್ (ಒತ್ತಡದಲ್ಲಿ ತಾನಾಗಿಯೇ ಹೊತ್ತಿಕೊಳ್ಳದಿರುವ ಗುಣದ ಅಳತೆ) ಪೆಟ್ರೋಲನ್ನೇ ಹಾಕಬೇಕೆ?

ಉತ್ತರ: ತಯಾರಕರ ಕೈಪಿಡಿ ಹೇಳಿದಷ್ಟನ್ನು ಹಾಕಿ, ಅದಕ್ಕಿಂತ ಹೆಚ್ಚಿನದು ವ್ಯರ್ಥ. ಕಡಿಮೆ ಆಕ್ಟೇನ್ ಹಾಕಿದರೆ ಪೆಟ್ರೋಲ್ ಅಕಾಲದಲ್ಲಿ ಹೊತ್ತಿಕೊಂಡಾಗಿನ ಬಡಿತವನ್ನು ಗುರುತಿಸುವ ನಾಕ್ ಸೆನ್ಸರ್ ಇರುವ ಎಂಜಿನ್ ಕಿಡಿಯ ಸಮಯವನ್ನು ತಡಮಾಡಿ ತನ್ನನ್ನು ಕಾಪಾಡಿಕೊಳ್ಳುತ್ತದೆ, ಆದರೆ ಶಕ್ತಿಯೂ ಮೈಲೇಜೂ ಕುಗ್ಗುತ್ತವೆ. ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರ್ ಓಡುವ ಕಾರಿನಲ್ಲಿ ಪೆಟ್ರೋಲಿನ ಈ ವ್ಯತ್ಯಾಸ ಒಟ್ಟು ಖರ್ಚಿನ ತೀರ ಸಣ್ಣ ಭಾಗ. ಉಳಿಸಲು ಬೇರೆ ಜಾಗಗಳಿವೆ.

ಪ್ರಶ್ನೆ: ಮಾರುವವರು "ಎಸಿಗೆ ಗ್ಯಾಸ್ ತುಂಬಿಸಿದರೆ ಸಾಕು, ಛಾವಣಿಗೆ ಒಂದು ಫ್ಯೂಸ್ ಹಾಕಿದರೆ ಸರಿಹೋಗುತ್ತದೆ" ಎನ್ನುತ್ತಿದ್ದಾರೆ. ನಂಬಬಹುದೇ?

ಉತ್ತರ: ಫ್ಯೂಸ್ ಒಂದರಿಂದ ಸರಿಹೋಗುವುದಾಗಿದ್ದರೆ ಅವರು ಅದನ್ನು ಹಾಕಿಸಿ, ಛಾವಣಿಯನ್ನು ತೆರೆದು ತೋರಿಸಿ, ಹೆಚ್ಚಿನ ಬೆಲೆಯನ್ನೇ ಕೇಳುತ್ತಿದ್ದರು. ಎಸಿಯ ಗ್ಯಾಸ್ ಖಾಲಿಯಾಗಿದೆ ಎಂದರೆ ಎಲ್ಲಿಂದಲೋ ಸೋರಿದೆ ಎಂದರ್ಥ. "ಸಣ್ಣ ಕೆಲಸ" ಎಂದು ಹೇಳಲಾದ ಪ್ರತಿಯೊಂದನ್ನೂ ಅದರ ಅತ್ಯಂತ ದುಬಾರಿ ಕಾರಣದ ಲೆಕ್ಕದಲ್ಲಿ ಬೆಲೆಯಿಂದ ಕಳೆಯಿರಿ. ಒಪ್ಪದಿದ್ದರೆ, ಮೊದಲು ಕೆಲಸ ಮಾಡಿಸಿಕೊಡಲಿ, ಆಮೇಲೆ ಬರುತ್ತೇನೆ ಎಂದು ವಿನಯದಿಂದಲೇ ಹೇಳಬಹುದು.

ಪ್ರಶ್ನೆ: ನನ್ನ ಯಜಮಾನರು ಕೆಲವು ವರ್ಷಗಳಿಂದ ಇಂಥದೊಂದು ಕಾರನ್ನು ಇಟ್ಟುಕೊಂಡಿದ್ದಾರೆ. "ಪೆಟ್ರೋಲ್ ಮತ್ತು ವಿಮೆ ಬಿಟ್ಟರೆ ಬೇರೇನೂ ಖರ್ಚಿಲ್ಲ, ಮೇಲಾಗಿ ಮುಂದೆ ಬೆಲೆ ಏರುತ್ತದೆ" ಎನ್ನುತ್ತಾರೆ. ಸರಿಯಾದ ಲೆಕ್ಕ ಹೇಗಿರಬೇಕು?

ಉತ್ತರ: ಸಂಸಾರದ ಚರ್ಚೆಯಲ್ಲಿ ತೀರ್ಪು ಹೇಳುವುದು ನಮ್ಮ ಕೆಲಸವಲ್ಲ, ಆದರೆ ಲೆಕ್ಕದ ಪುಸ್ತಕವನ್ನು ನೀವು ತೆರೆಯಬಹುದು. ಒಂದು ಪುಟದಲ್ಲಿ ಕಾರು ಮನೆಯಿಂದ ಹೊರಗೆ ಹೋಗದಿದ್ದರೂ ಆಗುವ ಖರ್ಚನ್ನು ಬರೆಯಿರಿ: ವಿಮೆ, ತೆರಿಗೆ, ನಿಲ್ಲಿಸುವ ಜಾಗದ ಬಾಡಿಗೆ, ಹೊದಿಕೆ, ಬ್ಯಾಟರಿ, ವಾರ್ಷಿಕ ಸರ್ವಿಸ್. ಇಂಥ ಕಾರಿನಲ್ಲಿ ಇಬ್ಬರಿಗಷ್ಟೇ ಜಾಗವಿರುವುದರಿಂದ ಮನೆಗೆ ಇನ್ನೊಂದು ಕಾರು ಬೇಕೇ ಬೇಕು. ಆ ಎರಡನೆಯ ಕಾರು ಇದರಿಂದಾಗಿಯೇ ಉಳಿದುಕೊಂಡಿದ್ದರೆ ಅದರ ಖರ್ಚೂ ಈ ಪುಟಕ್ಕೇ ಸೇರಬೇಕು, ಯಜಮಾನರು ಒಪ್ಪಲಿಕ್ಕಿಲ್ಲ. ಇನ್ನೊಂದು ಪುಟದಲ್ಲಿ, ಪ್ರತಿವರ್ಷ ಬಾರದ ಆದರೆ ಬಂದೇ ತೀರುವ ಕೆಲಸಗಳನ್ನು ಅವುಗಳ ಅವಧಿಯಿಂದ ಭಾಗಿಸಿ ಬರೆಯಿರಿ. ಟಯರುಗಳಿಗೆ ಹನ್ನೆರಡು ಸಾವಿರ ಘಟಕ ತಗಲಿ, ಅವು ಆರು ವರ್ಷ ಬಂದರೆ ವರ್ಷಕ್ಕೆ ಎರಡು ಸಾವಿರ. ಟೈಮಿಂಗ್ ಬೆಲ್ಟ್, ಕ್ಲಚ್, ಛಾವಣಿಯ ಬಟ್ಟೆ, ರೇಡಿಯೇಟರ್ ಎಲ್ಲವೂ ಹೀಗೆಯೇ. "ಈ ವರ್ಷ ಏನೂ ಖರ್ಚಾಗಲಿಲ್ಲ" ಎಂಬ ಮಾತು ಹುಟ್ಟುವುದು ಈ ಪುಟವನ್ನು ಬರೆಯದೇ ಇದ್ದಾಗ. ಎರಡನ್ನೂ ಕೂಡಿಸಿ ಆ ವರ್ಷ ಓಡಿದ ಕಿಲೋಮೀಟರುಗಳಿಂದ ಭಾಗಿಸಿದರೆ, ಪ್ರತಿ ಕಿಲೋಮೀಟರಿನ ಖರ್ಚು ಎಷ್ಟೋ ಸಲ ಬಾಡಿಗೆ ಟ್ಯಾಕ್ಸಿಗಿಂತಲೂ ಹೆಚ್ಚಾಗಿ ಕಾಣುತ್ತದೆ. ಇದರಿಂದ ಕಾರನ್ನು ಮಾರಬೇಕೆಂದೇನೂ ಆಗುವುದಿಲ್ಲ. ಹವ್ಯಾಸಕ್ಕೆ ಖರ್ಚಿರುತ್ತದೆ, ಅದು ಎಷ್ಟೆಂದು ಇಬ್ಬರಿಗೂ ಗೊತ್ತಿರಬೇಕು, ಅಷ್ಟೆ.

ಬೆಲೆ ಏರುವ ಮಾತು ಎಲ್ಲ ಕಾರುಗಳಿಗೂ ಸಲ್ಲುವುದಿಲ್ಲ. ಹೋಂಡಾ ಎಸ್2000ದಂತೆ 2009ರಲ್ಲಿ ತಯಾರಿಕೆಯೇ ನಿಂತು, ಎಂಜಿನ್ನಿನ ವಿಶೇಷದಿಂದಾಗಿ ಬೇಡಿಕೆ ಉಳಿಸಿಕೊಂಡವುಗಳಿಗೆ ಒಳ್ಳೆಯ ಬೆಲೆ ಬಂದಿದೆ. ಅಲ್ಲಿಯೂ ಕೊಳ್ಳುವವರು ಹುಡುಕುವುದು ಮೂಲ ಸ್ಥಿತಿಯಲ್ಲಿರುವ, ಎಲ್ಲ ಬಿಲ್ಲುಗಳೂ ಇರುವ ಕಾರನ್ನು. ಸೈಲೆನ್ಸರ್ ಬದಲಿಸಿ ಸದ್ದು ಹೆಚ್ಚಿಸಿದ್ದಕ್ಕೆ ಹಾಕಿದ ಹಣ ಮಾರುವಾಗ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. ವಿಮೆಯ ಪತ್ರವನ್ನೂ ಒಮ್ಮೆ ತೆರೆದು, ಯಾರಾದರೂ ಛಾವಣಿಯ ಬಟ್ಟೆಯನ್ನು ಕೊಯ್ದರೆ ಅದಕ್ಕೆ ಪರಿಹಾರವಿದೆಯೇ, ಕಾರು ಪೂರ್ತಿ ನಷ್ಟವಾದರೆ ಮೊದಲೇ ಒಪ್ಪಿದ ಮೊತ್ತ ಸಿಗುವುದೋ ಅಥವಾ ಅಂದಿನ ಮಾರುಕಟ್ಟೆ ಬೆಲೆಯೋ ಎಂದು ಓದಿಕೊಳ್ಳಿ.

ಪ್ರಶ್ನೆ: ಹಾಗಾದರೆ ಕಡಿಮೆ ಖರ್ಚಿನಲ್ಲಿ ಸಾಕಬಹುದಾದ ಕನ್ವರ್ಟಿಬಲ್ (ಮಡಚುವ ಛಾವಣಿಯ ಕಾರು) ಇಲ್ಲವೇ ಇಲ್ಲವೆ?

ಉತ್ತರ: ಇದೆ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5, ಅದರಲ್ಲೂ ಮೊದಲ ಎರಡು ತಲೆಮಾರಿನವು, ನಮ್ಮ ದೃಷ್ಟಿಯಲ್ಲಿ ಈ ವರ್ಗದ ಅತ್ಯಂತ ವಿವೇಕದ ಆಯ್ಕೆ. ಅದು ಹೊಸದಾಗಿದ್ದಾಗಲೂ ದುಬಾರಿ ಕಾರಾಗಿರಲಿಲ್ಲ, ಆದ್ದರಿಂದ ಬಿಡಿಭಾಗಗಳೂ ದುಬಾರಿಯಲ್ಲ. ಛಾವಣಿಯನ್ನು ಕೈಯಿಂದಲೇ ಎತ್ತಿ ಹಿಂದಕ್ಕೆ ಹಾಕಬೇಕು. ಕೆಡಲು ಪಂಪೂ ಇಲ್ಲ, ಮೋಟಾರೂ ಇಲ್ಲ. ಆರಂಭದ ಕಾರುಗಳ ನಾಲ್ಕೂ ಟಯರುಗಳು 185/60 ಅಳತೆಯ, ಹದಿನಾಲ್ಕು ಇಂಚಿನವು. ಸಣ್ಣ ಎಂಜಿನ್ ಮುಂದಿರುವುದರಿಂದ ಬಾನೆಟ್ ಎತ್ತಿದರೆ ಬಹುಪಾಲು ಕೆಲಸಗಳಿಗೆ ಕೈ ಆಡುತ್ತದೆ. ಅದರ ಶತ್ರು ತುಕ್ಕು. ಇಲ್ಲಿಯೂ ಕಾರಣ ಅದೇ ಮುಚ್ಚಿದ ರಂಧ್ರ: ಹೊರಗೆ ಹರಿಯಬೇಕಾದ ನೀರು ಬಾಗಿಲಿನ ಕೆಳಗಿನ ಪಟ್ಟಿಯೊಳಗೆ ನಿಂತು ಒಳಗಿನಿಂದ ತಿನ್ನುತ್ತದೆ, ಹೊರಗಿನ ಬಣ್ಣ ಕೊನೆಯವರೆಗೂ ಚೆನ್ನಾಗಿಯೇ ಕಾಣುತ್ತದೆ. ಕಾರನ್ನು ಲಿಫ್ಟಿನ ಮೇಲೇರಿಸಿ, ಹಿಂದಿನ ಚಕ್ರಗಳ ಮುಂಭಾಗದಲ್ಲಿ ಆ ಪಟ್ಟಿ ಮುಗಿಯುವ ಜಾಗವನ್ನು ಅಡಿಯಿಂದ ಬೆರಳಿನಿಂದ ತಟ್ಟಿ ನೋಡಿ. ಗಟ್ಟಿ ತಗಡಿನ ಸದ್ದು ಬರಬೇಕು. ಮಂದವಾದ ಸದ್ದು ಬಂದರೆ ಅಲ್ಲಿ ಲೋಹದ ಬದಲು ಪುಟ್ಟಿ ತುಂಬಿರುವ ಸಾಧ್ಯತೆಯಿದೆ. ವೆಲ್ಡಿಂಗ್ ಮಾಡುವವರಿಂದ ಅಂದಾಜು ಪಡೆಯುವವರೆಗೆ ಮುಂಗಡ ಕೊಡಬೇಡಿ.