ಆಗಸ್ಟ್‌ನಲ್ಲಿ ಲಿಮಾ: ಹೋಗಿ, ಆದರೆ ಈಜುವುದಕ್ಕಲ್ಲ

ಆಗಸ್ಟ್‌ನಲ್ಲಿ ಪೆರುವಿಗೆ ಹೋಗುವಾಗ ಲಿಮಾದ ಕಡಲತೀರಕ್ಕೆ ಅಂತ ಎರಡು ದಿನ ಇಡಬಹುದಾ ಎಂದು ಕೇಳಿದ್ದೀರಿ. ಖಂಡಿತ ಇಡಿ, ಆದರೆ ಈಜುವ ಆಸೆ ಬಿಟ್ಟುಬಿಡಿ. ಆಗ ಅಲ್ಲಿ ಚಳಿಗಾಲ. ದಿನವಿಡೀ ಬೂದು ಮೋಡ, ಆದರೂ ಮಳೆ ಅನ್ನುವಂಥದ್ದು ಇಲ್ಲ. ಕನ್ನಡಕ ಒದ್ದೆಯಾಗುವಷ್ಟು ಸಣ್ಣ ತುಂತುರು, ಅಷ್ಟೇ. ಹಂಬೋಲ್ಟ್ ಎಂಬ ತಣ್ಣನೆಯ ಸಾಗರ ಪ್ರವಾಹದಿಂದ ಕಡಲು ಸದಾ ತಣ್ಣಗಿರುತ್ತದೆ, ಊರು ಇರುವುದೋ ಮರುಭೂಮಿಯಲ್ಲಿ! ಮೊದಲ ದಿನ ಮಂಕು ಕವಿದಂತೆ ಅನಿಸುತ್ತದೆ. ಲಿಮಾದ ಕಡಲಂಚಿನ ಬಡಾವಣೆ ಮಿರಾಫ್ಲೋರೆಸ್‌ನ ಕಡಿದಾದ ದಿಬ್ಬದ ಅಂಚಿನಲ್ಲಿ ನಡೆದು, ಕೆಳಗೆ ಪೆಸಿಫಿಕ್ ನೋಡಿದ ಮೇಲೆ ನನಗೆ ಊರು ಹಿಡಿಸಿತು.

ಅಲ್ಲೇ ಮನೆಗಳ ನಡುವೆ ವಾಕಾ ಪುಕ್ಲಾನಾ ಇದೆ. ಇಂಕಾಗಳಿಗಿಂತ ಎಷ್ಟೋ ಹಳೆಯ ಮಣ್ಣಿನ ಪಿರಮಿಡ್ಡು. ದಯವಿಟ್ಟು ತಪ್ಪಿಸಬೇಡಿ. ಹತ್ತಿರ ಹೋಗಿ ಗೋಡೆ ನೋಡಿ: ಹಸಿ ಇಟ್ಟಿಗೆಗಳನ್ನು ಕಪಾಟಿನ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ನಡುವೆ ಸಂದು ಬಿಟ್ಟಿದ್ದಾರೆ. ಭೂಕಂಪ ಬಂದರೆ ಗೋಡೆ ಅಲುಗಾಡಿ ಮತ್ತೆ ನಿಲ್ಲುತ್ತದೆ. ಎಂಥ ತಲೆ ಅಲ್ವಾ!

ಊಟಕ್ಕೆ ಚಿಂತೆ ಬೇಡ. ಮೀನು ತಿನ್ನುವವರಾದರೆ ಸೆವಿಚೆಯನ್ನು (ನಿಂಬೆರಸದಲ್ಲಿ ನೆನೆಸಿದ ಹಸಿ ಮೀನು) ಮಧ್ಯಾಹ್ನವೇ ತಿನ್ನಿ, ಅದರ ಹೋಟೆಲುಗಳು ಸಂಜೆಗೆ ಜಾಸ್ತಿ ತೆರೆದಿರುವುದಿಲ್ಲ. ಸಸ್ಯಾಹಾರಿಗಳಾದರೆ ಪಾಪಾ ಆ ಲಾ ವಾಂಕಾಯ್ನಾ ಕೇಳಿ. ಬೇಯಿಸಿದ ಆಲೂಗಡ್ಡೆ, ಮೇಲೆ ಚೀಸು ಮತ್ತು ಹಳದಿ ಮೆಣಸಿನಕಾಯಿಯ ಗೊಜ್ಜು. ಮೊಟ್ಟೆ ಹಾಕಿ ಕೊಡುತ್ತಾರೆ, ಬೇಡ ಅಂತ ಮೊದಲೇ ಹೇಳಿಬಿಡಿ.