ಜರ್ಮನ್ ಕವಿ ಗಯಟೆಯ ‘ಫೌಸ್ಟ್’ ನಾಟಕ ಎಂದರೆ ಸೈತಾನನಿಗೆ ಆತ್ಮ ಮಾರಿದವನ ಕಥೆ ತಾನೇ? ಅದನ್ನು ಈಗ ಯಾಕೆ ಓದಬೇಕು?

ಮಾರಾಟಕ್ಕಿಂತ ಅದನ್ನು ಪಂದ್ಯ ಎನ್ನುವುದು ಸರಿ. ಯಾವುದಾದರೂ ಕ್ಷಣಕ್ಕೆ ‘ನಿಲ್ಲು, ನೀನೆಷ್ಟು ಚೆಂದ’ ಎಂದರೆ ತಾನು ಸೋತಂತೆ ಎಂದು ಫೌಸ್ಟ್ ಸೈತಾನ ಮೆಫಿಸ್ಟೋಫಿಲಿಸ್‌ಗೆ ಸವಾಲು ಹಾಕುತ್ತಾನೆ. ಯಾವುದರಲ್ಲೂ ತೃಪ್ತಿ ಕಾಣದವನ ಸವಾಲು ಅದು.

1808ರಲ್ಲಿ ಬಂದ ಮೊದಲ ಭಾಗದಲ್ಲಿ ಫೌಸ್ಟ್ ಮರುಳು ಮಾಡಿದ ಯುವತಿ ಗ್ರೆಚೆನ್‌ಳ ದುರಂತವಿದೆ, ಹೆಚ್ಚಿನವರು ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ನನ್ನನ್ನು ಕೇಳಿದರೆ, ಗಯಟೆ ತೀರಿಕೊಂಡ ಮೇಲೆ 1832ರಲ್ಲಿ ಅಚ್ಚಾದ ಎರಡನೇ ಭಾಗದ ಐದನೇ ಅಂಕವೇ ನಮ್ಮ ಕಾಲದ್ದು. (ನಡುವಿನ ಗ್ರೀಕ್ ಪುರಾಣದ ಗೊಂಡಾರಣ್ಯವನ್ನು ಮೊದಲ ಓದಿಗೆ ದಾಟಿಬಿಟ್ಟರೂ ನಡೆದೀತು.)

ಅಲ್ಲಿ ಮುದುಕ ಫೌಸ್ಟ್ ಸಮುದ್ರಕ್ಕೆ ಒಡ್ಡು ಕಟ್ಟಿ ಹೊಸ ನೆಲ ಎಬ್ಬಿಸುತ್ತಿದ್ದಾನೆ. ಕಣ್ಣು ಹಾಯುವಷ್ಟೂ ಅವನದೇ. ದಿಬ್ಬದ ಮೇಲಿನ ಒಂದು ಗುಡಿಸಲು, ಕೆಲವು ಲಿಂಡನ್ ಮರ, ಪುಟ್ಟ ಪ್ರಾರ್ಥನಾಮಂದಿರ ಮಾತ್ರ ಫಿಲೆಮನ್–ಬಾಸಿಸ್ ಎಂಬ ವೃದ್ಧ ದಂಪತಿಯದು. ಆ ಮಂದಿರದ ಗಂಟೆಯ ಸದ್ದು ಕೇಳಿದರೇ ಇವನಿಗೆ ಮೈ ಉರಿ. ಬದಲಿ ಜಾಗ ಕೊಡುತ್ತೇನೆಂದರೂ ಅವರು ಏಳುವುದಿಲ್ಲ. ಅವರನ್ನು ಎಬ್ಬಿಸಲು ಮೆಫಿಸ್ಟೋ ತನ್ನ ಆಳುಗಳೊಂದಿಗೆ ಹೋಗುತ್ತಾನೆ. ಬೆಂಕಿ ಬೀಳುತ್ತದೆ, ದಂಪತಿ ಸಾಯುತ್ತಾರೆ. ಫೌಸ್ಟ್ ಹೇಳುವುದಿಷ್ಟು: ನಾನು ಕೇಳಿದ್ದು ವಿನಿಮಯ, ದರೋಡೆಯನ್ನಲ್ಲ!

ಭೂಸ್ವಾಧೀನದ ಸುದ್ದಿ ಓದುವವರಿಗೆ ಈ ದನಿ ಹೊಸದೇನಲ್ಲ.

ಕೊನೆಗೆ ಕುರುಡನಾದ ಫೌಸ್ಟ್ ಗುದ್ದಲಿಗಳ ಸದ್ದು ಕೇಳಿ, ತನ್ನ ಕಾಲುವೆ ತೋಡುತ್ತಿದ್ದಾರೆಂದು ಹಿಗ್ಗುತ್ತಾನೆ. ಅವರು ತೋಡುತ್ತಿರುವುದು ಅವನ ಗೋರಿ.